ಹೋಗಿ ಬರ್ತೇನ್ರಿ ಅಣ್ಣಾ

ಹುಡುಗರ ಮನಿಯಾಗ ಕೆಲಸಕ್ಕ ನಿಂತವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಮುಂಜಾನೆ ಕಣ್ಣು ತೆರದ್ರ ಅದ ಬಂದು ಹಾಸಿಗಿ ಮ್ಯಾಲ ಕುಂತಿರ್ತೈತಿ.

ನಮ್ಮ ಹುಡುಗರ ಮನಿ ಬಾಗಲಕೋಟಿ ಊರ ಹೊರಗೈತಿ. ದಾರಿ ತಪ್ಪಿದ ಹುಡುಗರನ್ನ ಕೋರ್ಟಿನವರು ಇಲ್ಲಿಗೆ ಕಳಸ್ತಾರ. ಅವರನ್ನ ಇಟಗೊಂಡು, ಉಣಿಸಿ, ತಿದ್ದಿ, ಮನಿಗೆ ಮುಟ್ಟಿಸೂದು ನಮ್ಮ ಕೆಲಸ. ನಮ್ಮ ಅಂದ್ರ ಈ ಮನಿ ನಡಸೂ ಸಾಹೇಬ್ರದು ಮತ್ತ ನನ್ನದು. ನಾ ಇಲ್ಲಿ ಹಿರೇ ಅಣ್ಣ. ಮೀಸಿ ಇನ್ನೂ ನೆಟ್ಟಗ ಬಂದಿಲ್ಲ, ಆರನೇ ಇಯತ್ತೆ ಎರಡು ಸಲ ಓದೇನಿ. ಆದ್ರೂ ಹುದ್ದೆ ಅಂದ್ರ ಹುದ್ದೆನ!

ಬೆಕ್ಕು ಮತ್ತ ಹಾಲಿನ ಗಡಗಿ

ನಾ ಇಲ್ಲಿಗೆ ಮೊದಲು ಬಂದದ್ದು ನೌಕರಿಗಲ್ಲ, ಪೊಲೀಸರ ಜೊತಿ. ಕಾಕಾನ ಮನಿ ಬಿಟ್ಟು ಬಾದಾಮಿ ರೈಲು ಸ್ಟೇಷನ್ನಿನ್ಯಾಗ ಬಿದ್ದಿರ್ತಿದ್ನಿ. ಒಂದು ಮಧ್ಯಾಹ್ನ ಬ್ಯಾಸರ ಆತು ಅಂತ, ಬಾರದ ರೈಲಿಗೆ ಗಂಟಿ ಹೊಡದ್ನಿ. ಮಂದಿ ಎಲ್ಲಾ ಗಂಟು ಹೊತ್ತು ಎದ್ದು ನಿಂತ್ರು. ಒಬ್ಬಾಕಿ ಮುದುಕಿ ಮಗಳನ್ನ ತಬ್ಬಿಕೊಂಡು ಅತ್ತು ಮುಗಿಸಿದ್ಲು. ಸ್ಟೇಷನ್ ಮಾಸ್ತರ್ರು ಚಹಾ ಮೈಮ್ಯಾಲ ಚೆಲ್ಲಿಕೊಂಡು ಓಡಿ ಬಂದ್ರು. ರೈಲೊಂದು ಬರ್ಲಿಲ್ಲ, ಪೊಲೀಸ್ರು ಬಂದ್ರು.

ಇಲ್ಲಿಗೆ ಬಂದ ಮ್ಯಾಲ ಓಡಿ ಹೋಗೂದ್ರಾಗ ನನ್ನ ಸರಿ ಯಾರೂ ಇರ್ಲಿಲ್ಲ. ಕಡೀಕ ಸಾಹೇಬ್ರು ಕರದು ಕೇಳಿದ್ರು: “ಲೇ, ನಮ್ಮ ಕಂಪೌಂಡಿಗೆ ಎಲ್ಲೆಲ್ಲಿ ಕಿಂಡಿ ಅದಾವಲೇ?”

ಯಾರಾರ ಒಬ್ರು ನನ್ನ ಇದ್ಯಾ ಕೇಳಿದ್ರಲ್ಲಾ ಅಂತ ಹಿಗ್ಗಿ ಎಲ್ಲಾ ಕಿಂಡಿ ತೋರಿಸಿದ್ನಿ. ಬಚ್ಚಲದ ಹಿಂದಿನದೊಂದು ಮಾತ್ರ ಬಿಟ್ನಿ, ಕಷ್ಟಕಾಲಕ್ಕ ಇರ್ಲಿ ಅಂತ.

“ಇಷ್ಟು ಗೊತ್ತಿದ್ದಾವಗ ಕಾಯಾಕೂ ಬರಬೇಕು. ಇವತ್ತಿಂದ ನೀನ ಇಲ್ಲಿ ಹಿರೇ ಅಣ್ಣ,” ಅಂದ್ರು ಸಾಹೇಬ್ರು.

ಅಡಗಿ ಮಾಡೂ ಅವ್ವ ಒಳಗಿಂದ ಒದರಿದ್ಲು: “ಹಾಲಿನ ಗಡಗಿ ಕಾಯಾಕ ಬೆಕ್ಕಿಗೆ ಹಚ್ಚಿದ್ರೇನ್ರಿ ಸಾಹೇಬ್ರ?”

ಸಾಹೇಬ್ರು ಅಂದ್ರು: “ಬ್ಯಾರೆ ಬೆಕ್ಕು ಯಾವ ಹಾದಿಲೆ ಬರ್ತಾವಂತ ಇದಕ್ಕ ಗೊತ್ತಲ್ಲವ್ವಾ!”

ಕುರಿ ಬಂದವು

ಒಮ್ಮೆ ಹುಡುಗರನ್ನ ಬಾದಾಮಿ ಗವಿ ತೋರಸಾಕ ಕರಕೊಂಡು ಹೋದ್ನಿ. ಅಲ್ಲಿಯ ಮಂಗ್ಯಾಗೋಳು ರೊಟ್ಟಿ ಗಂಟಿಗೆ ಕೈ ಹಾಕಿದ್ದೇ ತಡ, ನನ್ನ ಹುಡುಗರು ದಿಕ್ಕಿಗೊಬ್ಬರು ಚದುರಿದ್ರು. ಸೀಟಿ ಊದಿ ಊದಿ ನನ್ನ ಗಲ್ಲ ನೋಯಾಕ ಹತ್ತಿದ್ವು. ಯಾರೂ ಹೊಳ್ಳಿ ನೋಡ್ಲಿಲ್ಲ.

ನಮ್ಮೊಳಗ ಹುನಗುಂದದ ಕಡಿಯವ ಒಬ್ಬ ಕುರಿ ಕಾಯೂ ಹುಡುಗ ಇದ್ದ, ಬೀರಪ್ಪನ ಒಕ್ಕಲದಾವ. “ಅಣ್ಣಾ, ನೀವು ಸರೀರಿ,” ಅಂದು ಕಲ್ಲಿನ ಮ್ಯಾಲ ನಿಂತು, ನಾಲಿಗಿ ಮಡಚಿ, ಕುರಿ ಕರಿಯೂ ಹಂಗ ಒಂದು ಕೂಗು ಹಾಕಿದ. ಇದೇನಪಾ ಮೋಜು ಅಂತ ಹುಡುಗರೆಲ್ಲಾ ಓಡಿ ಬಂದ್ರು. ಬಾಜೂ ಗುಡ್ಡದಾಗ ಮೇಯ್ತಿದ್ದ ಕುರಿನೂ ಬಂದವು. ನಾವು ಬಸ್ ಸ್ಟ್ಯಾಂಡಿಗೆ ನಡದ್ರ ಅವೂ ನಡದವು.

ಕಂಡಕ್ಟರ್ ಬಾಗಲದಾಗ ನಿಂತು ಕೇಳಿದ: “ಇವಕ್ಕೂ ಹಾಫ್ ಟಿಕೀಟೇನ್ರಿ?”

ಅಷ್ಟರಾಗ ಆ ಕುರಿಗಳ ಮಾಲಕ ಬಡಿಗಿ ಹಿಡಕೊಂಡು ಬಂದ. ಬೈತಾನ ಅಂತ ನಾ ಬಸ್ಸಿನ ಹಿಂದ ಸರದ್ನಿ. ಆವಾ ಹುಡುಗನ ಬೆನ್ನು ಚಪ್ಪರಿಸಿ, ನನಗ ಬೈದ: “ಇಂಥಾ ಕಸಬು ಗೊತ್ತಿದ್ದ ಹುಡುಗನ್ನ ಗ್ವಾಡಿ ನಡುವ ಕೂಡಿ ಹಾಕೀರೇನಲೇ? ನಿನ್ನ ಹಿಂದ ಒಂದರ ಕುರಿ ಬಂದೀತೇನು?”

ನಾನೂ ಮಾನವಂತ, ಸುಮ್ನ ಇರ್ಲಿಲ್ಲ. ರೊಟ್ಟಿ ಗಂಟಿನ ಸಲುವಾಗಿ ಅಲ್ಲಿ ತನಕಾ ನನ್ನ ಬೆನ್ನು ಹತ್ತಿದ್ದ ಮಂಗ್ಯಾನ ತೋರಿಸಿದ್ನಿ: “ನಮ್ಮ ಹಿಂದನೂ ಬರೂವು ಬರ್ತಾವಪಾ!”

ಲಗೂ ಬಾ

ಈಗ ಇಲಕಲ್ಲ ಹುಡುಗನ ಸುದ್ದಿ. ಸೀರಿ ನೇಯೂ ಮನಿತನದಾವ. ಅವ್ವ ಒಬ್ಬಾಕಿನ. ಬಸ್ ಸ್ಟ್ಯಾಂಡಿನ್ಯಾಗ ಕಿಸೆಗಳ್ಳರ ಸಂಗಾಟ ಸಿಕ್ಕಿಬಿದ್ದು ನಮ್ಮಲ್ಲಿ ಬಂದಿದ್ದ. ಭಾಳ ಮರ್ಯಾದಿ ಹುಡುಗ.

ಒಂದಿನ ನಾ ಸಣ್ಣ ಹುಡುಗರ ತಲಿ ತಿಕ್ಕಿ ಜಳಕಾ ಮಾಡಸ್ತಿದ್ನಿ. ಹಿಂದಿಂದ ದನಿ ಬಂತು: “ಅಣ್ಣಾ, ಹೋಗಿ ಬರ್ತೇನ್ರಿ.”

ನಮ್ಮ ಕಡೆ ಯಾರೂ ‘ಹೋಗ್ತೇನಿ’ ಅನ್ನಂಗಿಲ್ಲ, ಅಪಶಕುನ. ಅಂದವರಿಗೆ ಜಲ್ದಿ ಬಾ ಅಂತ ಉತ್ತರ ಕೊಡೂದೂ ಪದ್ಧತಿ. ಹೊಳ್ಳಿ ನೋಡದ ಹೇಳಿದ್ನಿ: “ಹೂಂ, ಲಗೂ ಬಾ.”

ಊಟದ ಹೊತ್ತಿಗೆ ಹುಡುಗ ಇಲ್ಲ. ಸಾಹೇಬ್ರು ಕೇಳಿದ್ರು: “ಓಡಿ ಹೋಗಾವಗ ನೀ ಏನಂದಿ?”

“ಲಗೂ ಬಾ ಅಂದೇನ್ರಿ.”

ಸಾಹೇಬ್ರು ಹಣಿ ಹಣಿ ಬಡಕೊಂಡ್ರು.

ಇಲಕಲ್ಲಿಗೆ ಹೋಗಿ ನೋಡಿದ್ರ ಅವ್ವ ಕುಣಿಮಗ್ಗದಾಗ ಇಳದು ಕುಂತಾಳ, ಬಾಜೂಕ ಮಗ ನೂಲು ಸುತ್ತಾಕ ಹತ್ತ್ಯಾನ. ಆಕಿ ನನ್ನ ನೋಡಿ ಮೊದಲು ತಾಟು ಹಾಕಿದ್ಲು. ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ. ಉಂಡು ನನಗ ನಿದ್ದಿ ಬಂತು. ಆ ಹುಡುಗನ ನನ್ನನ್ನ ಎಬ್ಬಿಸಿದ: “ಏಳ್ರಿ ಅಣ್ಣಾ, ಬಸ್ಸು ತಪ್ಪತೈತಿ. ಸಾಹೇಬ್ರು ನಿಮಗ ಬೈತಾರ.” ಬಾಗಲಕೋಟಿ ಬಂದಾಗನೂ ಆವಾನ ನನ್ನನ್ನ ಎಬ್ಬಿಸಿ ಇಳಿಸಿದ.

ಗೇಟಿನ್ಯಾಗ ನಿಂತಿದ್ದ ಸಾಹೇಬ್ರು ನಮ್ಮಿಬ್ಬರನ್ನೂ ನೋಡಿ ಕೇಳಿದ್ರು: “ಯಾರು ಯಾರನ್ನ ಹಿಡಕೊಂಡು ಬಂದ್ರಿ?”

ಹಸಿ ಮಣ್ಣು

ಅವ್ವನ ಸೆಳೆತ ಎಲ್ಲಿ ಬಿಡತೈತಿ? ಹುಡುಗ ಮತ್ತ ಮತ್ತ ಓಡಿದ. ಪ್ರತಿ ಸಲ ಹೇಳೇ ಹೋದ. ಕಡೀಕ ಬಿಜಾಪುರದ ದೊಡ್ಡ ಸಾಹೇಬ್ರು ಸಿಟ್ಟಿಗೆದ್ದು ಹೇಳಿ ಕಳಿಸಿದ್ರು: ಇನ್ನೊಮ್ಮೆ ಓಡಿದ್ರ ಅವನ್ನ ದೂರದ, ಎತ್ತರ ಗ್ವಾಡಿಯ ಜೇಲಿನಂಥಾ ಸಾಲಿಗೆ ಹಾಕ್ತೇವಿ. ಅಲ್ಲಿಗೆ ಹೋದ್ರ ಆ ಹುಡುಗಗ ಇಲಕಲ್ಲೂ ಇಲ್ಲ, ಅವ್ವನೂ ಇಲ್ಲ.

ನಾ ಕುಂತು ಇಚಾರ ಮಾಡಿದ್ನಿ. ನಾ ಓಡೂದು ಬಿಟ್ಟದ್ದು ಯಾವಾಗ? ಕಾಯೂ ಕೆಲಸ ಸಿಕ್ಕ ಮ್ಯಾಲ. ಎದ್ದು ಹೋಗಿ ಗೇಟಿನ ಕೀಲಿ ಆ ಹುಡುಗನ ಕೊರಳಿಗೆ ಕಟ್ಟಿದ್ನಿ: “ಸಾಹೇಬ್ರ ಚೀಟಿ ಇಲ್ಲದ ಯಾರನ್ನೂ ಹೊರಗ ಬಿಡಬ್ಯಾಡ. ತಿಳೀತೇನು?”

“ತಿಳೀತ್ರಿ ಅಣ್ಣಾ.”

ಅವತ್ತ ಸಂಜಿಗೆ ಟಾಕೀಸಿಗೆ ಹೊಂಟ್ನಿ. ಹುಡುಗ ಕೈ ಚಾಚಿದ: “ಚೀಟಿ?”

“ಲೇ, ಕೀಲಿ ಕಟ್ಟಿದಾವ ನಾ ಅಲ್ಲೇನಲೇ!”

“ಹೌದ್ರಿ. ಚೀಟಿ?”

ಬಚ್ಚಲದ ಹಿಂದಿನ ನನ್ನ ಕಿಂಡಿಗೆ ಹೋದ್ನಿ. ಕಲ್ಲಿಟ್ಟು ಮಣ್ಣು ಮೆತ್ತಿದ್ರು. ಮಣ್ಣು ಇನ್ನೂ ಹಸಿ ಇತ್ತು. ಹಿಂದಿಂದ ದನಿ ಬಂತು: “ಅದು ನನ್ನ ಹಾದಿನೂ ಆಗಿತ್ತಲ್ರೀ ಅಣ್ಣಾ!”

ಸಾಹೇಬ್ರ ಸಾಹೇಬ್ರು

ಒಂದಿನ ಬಿಜಾಪುರದ ದೊಡ್ಡ ಸಾಹೇಬ್ರ ಜೀಪು ಬಂದು ಗೇಟಿನ ಹೊರಗ ನಿಂತಿತು. ಎಲ್ಲಾ ನೋಡಿ ಮುಗಿಸಿ ಅವರು ನಮ್ಮ ಸಾಹೇಬ್ರಿಗೆ ಅಂದ್ರು: “ಆ ಓಡೂ ಹುಡುಗನ್ನ ಇವತ್ತ ಕರಕೊಂಡ ಹೋಗ್ತೇನಿ. ಇನ್ನೊಮ್ಮೆ ಓಡೂ ತನಕ ಯಾಕ ಕಾಯೂದು? ನಾ ಜೀಪಿನ್ಯಾಗ ಕುಂತಿರ್ತೇನಿ, ಹಿಡಿದು ತರ್ರಿ.”

ನಮ್ಮ ಸಾಹೇಬ್ರು ನನ್ನ ಮುಖಾ ನೋಡಿದ್ರು. ಯಾವಾಗ್ಲೂ ನಾಲಿಗಿ ತುದಿಗೆ ಇರೂ ಚ್ಯಾಷ್ಟಿ ನನಗ ಅವತ್ತ ಒಂದೂ ಹೊಳೀಲಿಲ್ಲ.

ದೊಡ್ಡ ಸಾಹೇಬ್ರು ಗೇಟಿಗೆ ಹೋದ್ರು. ಕೀಲಿ ಹುಡುಗ ಎದ್ದು ನಿಂತ: “ಚೀಟಿ ಕೊಡ್ರಿ.”

“ಎಂಥಾ ಚೀಟಿ? ನಾ ನಿಮ್ಮ ಸಾಹೇಬ್ರ ಸಾಹೇಬ ಅದೇನಿ!”

“ಇರ್ಲಿರಿ. ನಮ್ಮ ಅಣ್ಣನ್ನೂ ಬಿಟ್ಟಿಲ್ಲರಿ.”

ದೊಡ್ಡ ಸಾಹೇಬ್ರು ದನಿ ಇಳಿಸಿದ್ರು: “ತಮ್ಮಾ, ಇಲ್ಲೇ ಜೀಪಿನ ತನಕ ಹೋಗಿ ಬರ್ತೇನಪಾ.”

ಹುಡುಗ ಅವರನ್ನ ಕನಿಕರಲೆ ನೋಡಿದ: “ಎಲ್ಲಾರೂ ಹಂಗ ಅಂತಾರ್ರಿ. ನಾನೂ ಹಂಗ ಹೇಳೇ ಓಡ್ತಿದ್ನಿ.”

ದೊಡ್ಡ ಸಾಹೇಬ್ರು ನಮ್ಮ ಕಡೆ ತಿರುಗಿದ್ರು: “ಯಾರಿವಾ?”

ಆಗ ಬಂತು ನೋಡ್ರಿ ನನಗ ದನಿ. ಎದಿ ಮುಂದ ಮಾಡಿ ಹೇಳಿದ್ನಿ: “ನೀವು ಒಯ್ಯಾಕ ಬಂದ ಹುಡುಗ ಇವನರೀ. ಕೀಲಿ ಕೊಟ್ಟಾವ ನಾನರಿ.”

ಅವರು ಕೀಲಿ ನೋಡಿದ್ರು, ಹುಡುಗನ್ನ ನೋಡಿದ್ರು. “ಹಂಗಾರ ಇವತ್ತ ಇಲ್ಲಿಂದ ಓಡಾಕ ಹತ್ತಿದಾವ ನಾನ ಅಂತಾತು!” ಅಂದು ಹೊಟ್ಟಿ ಹಿಡಕೊಂಡು ನಕ್ಕರು. ಹುಡುಗ ಇಲ್ಲೇ ಇರ್ಲಿ, ಅವ್ವನ್ನ ನೋಡಾಕ ತಿಂಗಳಿಗೊಮ್ಮೆ ಅವಗೂ ಒಂದು ಚೀಟಿ ಕೊಡ್ರಿ ಅಂದ್ರು.

ಹುಡುಗ ಅದಕ್ಕೂ ಕರಗಲಿಲ್ಲ. ನಮ್ಮ ಸಾಹೇಬ್ರು ತಮ್ಮ ಸಾಹೇಬ್ರಿಗೆ ಚೀಟಿ ಬರದು ಕೊಟ್ಟ ಮ್ಯಾಲನ ಕೀಲಿ ತಿರುಗಿತು.

ಜೀಪು ಹತ್ತಿ ದೊಡ್ಡ ಸಾಹೇಬ್ರು ಕೈ ಎತ್ತಿದ್ರು: “ಹೋಗಿ ಬರ್ತೇನಪಾ.”

ಹುಡುಗ ಗೇಟು ಮುಚ್ಚಿಕೋತ, ಥೇಟ್ ನನ್ನ ದನಿಯಾಗ ಅಂದ: “ಹೂಂ, ಲಗೂ ಬರ್ರಿ.”