ರವಿವಾರದ ಫಟಫಟಿ

ಹೆಂಡತಿಯನ್ನು ನೋಡಬೇಕೆಂಬ ಆಸೆಯನ್ನು ಬಾಯಿಬಿಟ್ಟು ಹೇಳುವ ಗಂಡಸಿಗೆ ನಮ್ಮ ಕಡೆ ಮರ್ಯಾದೆ ಕಡಿಮೆ. ತಾಯಿಯನ್ನು ನೋಡಲು ಹೊರಟೆ ಎಂದರೆ ಜನರ ಕಣ್ಣು ಒದ್ದೆಯಾಗುತ್ತದೆ. ದೇವರ ದರ್ಶನಕ್ಕೆ ಹೊರಟೆ ಎಂದರೆ ತಮ್ಮದೂ ಒಂದು ಕಾಯಿ ಕೊಟ್ಟು ಕಳಿಸುತ್ತಾರೆ. ಹೆಂಡತಿಯನ್ನು ನೋಡಲು ಎಂದರೆ ಮಾತ್ರ ಮೀಸೆಯೊಳಗೇ ನಗುತ್ತಾರೆ. ಆದ್ದರಿಂದ ಆ ದಿನಗಳಲ್ಲಿ ಯಾರು ಕೇಳಿದರೂ ನಾನು "ಧಾರವಾಡದಾಗ ಸ್ವಲ್ಪ ಕೆಲಸ ಐತ್ರಿ" ಎನ್ನುತ್ತಿದ್ದೆ. ಪ್ರತಿ ರವಿವಾರ ಅದೇನಪ್ಪಾ ಅಂಥ ಕೆಲಸ ಎಂದರೆ "ಕೋರ್ಟಿಂದು" ಎನ್ನುತ್ತಿದ್ದೆ. ರವಿವಾರ ಕೋರ್ಟಿಗೆ ಸೂಟಿ ಎಂಬುದು ನನಗೆ ಹೊಳೆದದ್ದು ತೀರ ತಡವಾಗಿ. ಅಷ್ಟರಲ್ಲಿ ಅದು ಇಡೀ ಓಣಿಗೆ ಹೊಳೆದಿತ್ತು.

ಇದೆಲ್ಲ ಈಗಿನ ಮಹಾಯುದ್ಧ ಶುರುವಾಗುವುದಕ್ಕಿಂತ ಮೊದಲಿನ ಮಾತು. ನಾನು ಆಗ ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಒಂದು ಹತ್ತಿ ಅಡತಿ ಅಂಗಡಿಯಲ್ಲಿ ಗುಮಾಸ್ತ. ಮದುವೆಯಾಗಿ ವರ್ಷ ತುಂಬುವುದರೊಳಗೆ ನನ್ನ ಹೆಂಡತಿ ಗಿರಿಜಾ, "ನಾನು ಸಾಲಿ ಮಾಸ್ತರಿಣಿ ಆಗತೇನಿ, ಧಾರವಾಡದಾಗ ಕಲಿಯಾಕ ಕಳಸ್ರಿ" ಎಂದಳು. ನಾನು ಸುಧಾರಣೆಯ ಪಕ್ಷದವನು. "ಅವಶ್ಯ ಹೋಗು, ಹೆಣ್ಣುಮಕ್ಕಳು ಮುಂದ ಬರಬೇಕು" ಎಂದು ನಾಲ್ಕು ಜನರ ಎದುರಿಗೆ ಗಟ್ಟಿಯಾಗಿ ಹೇಳಿದೆ. ಅವಳನ್ನು ಅಲ್ಲಿನ ತರಬೇತಿ ಕಾಲೇಜಿನ ವಸತಿಗೃಹದಲ್ಲಿ ಬಿಟ್ಟು ಮನೆಗೆ ಬಂದು, ಕತ್ತಲಲ್ಲಿ ಕಡ್ಡಿಪೆಟ್ಟಿಗೆ ಎಲ್ಲಿದೆ ಎಂದು ತಡಕಾಡುವಾಗ ತಿಳಿಯಿತು, ಹೆಣ್ಣುಮಕ್ಕಳು ಮುಂದೆ ಬಂದರೆ ಗಂಡುಮಕ್ಕಳು ಹಿಂದೆ ಉಳಿಯುತ್ತಾರೆ ಎಂದು. ಅವಳ ಹಸಿರು ಸೀರೆಯೊಂದು ಹಗ್ಗದ ಮೇಲೆ ಒಣಗಿತ್ತು. ಅದನ್ನು ಮಡಚಿಡಲು ಮನಸ್ಸಾಗದೆ ಬಹಳ ದಿನ ಹಾಗೇ ಬಿಟ್ಟೆ. ಪಕ್ಕದ ಮನೆಯ ಮುದುಕಿ "ಸೀರಿ ಇನ್ನೂ ಒಣಗಿಲ್ಲೇನೋ?" ಎಂದು ಕೇಳುತ್ತಿದ್ದಳು.

ವಸತಿಗೃಹದ ನಿಯಮ ಕಡಕ್ಕು. ಗಂಡಸರ ಭೇಟಿ ರವಿವಾರ ಮಾತ್ರ, ನಾಲ್ಕರಿಂದ ಐದರವರೆಗೆ, ಅದೂ ಪಡಸಾಲೆಯಲ್ಲಿ. ಎಲ್ಲರೂ ದೊಡ್ಡಬಾಯಿ ಎಂದು ಕರೆಯುವ ಮೇಲ್ವಿಚಾರಕಿ ಅಲ್ಲೇ ಕುರ್ಚಿ ಹಾಕಿಕೊಂಡು ಉಣ್ಣೆ ಹೆಣೆಯುತ್ತ ಕೂಡುತ್ತಿದ್ದರು. ನಮ್ಮ ಸಾವಕಾರರು ರವಿವಾರವೂ ಮಧ್ಯಾಹ್ನ ಕಳೆಯುವವರೆಗೆ ಅಂಗಡಿಯಿಂದ ಬಿಡುತ್ತಿರಲಿಲ್ಲ. ಬಿಡುವ ಹೊತ್ತಿಗೆ ಒಂದು ರೈಲು ಹೋಗಿರುತ್ತಿತ್ತು, ಮುಂದಿನದು ಭೇಟಿಯ ಹೊತ್ತು ಮುಗಿದ ಮೇಲೆ ಮುಟ್ಟುತ್ತಿತ್ತು. ಮೋಟಾರ್ ಸರ್ವಿಸಿನವನು ಮಂದಿ ತುಂಬದೆ ಹೊರಡುತ್ತಿರಲಿಲ್ಲ. ಉಳಿದದ್ದು ಸೈಕಲ್. ಒಂದು ರವಿವಾರ ತುಳಿದುಕೊಂಡೇ ಹೋದೆ. ಉಣಕಲ್ ದಾಟಿ, ನವಲೂರಿನ ಏರು ಹತ್ತಿ, ಬೆವರಿನಲ್ಲಿ ಮಿಂದು ಹೊತ್ತಿಗೆ ಸರಿಯಾಗಿ ಮುಟ್ಟಿದೆ. ಗಿರಿಜಾ ಬಂದು ಎದುರಿಗೆ ಕುಳಿತಳು. "ನೀರು ಕುಡೀತೀರೇನ್ರಿ?" ಎಂದಳು. ಹೂಂ ಎಂದೆ. ಅವಳು ನೀರು ತರುವುದರೊಳಗೆ ನಾನು ಬೆಂಚಿನ ಮೇಲೆ ಕುಳಿತಲ್ಲೇ ನಿದ್ದೆ ಹೋಗಿದ್ದೆ. ಎಚ್ಚರವಾದದ್ದು ಐದರ ಗಂಟೆ ಬಾರಿಸಿದಾಗ. ಅವಳು ತಂಬಿಗೆ ಹಿಡಿದುಕೊಂಡು ಅಷ್ಟೂ ಹೊತ್ತು ನನ್ನ ಮುಖ ನೋಡುತ್ತ ಕುಳಿತಿದ್ದಳಂತೆ. "ಎಬ್ಬಸಬೇಕಿತ್ತಲ್ಲ!" ಎಂದರೆ "ಪಾಪ ಅನಿಸ್ತು" ಎಂದಳು.

ಹೀಗಿರುವಾಗ ರೈಲ್ವೆ ವರ್ಕಶಾಪಿನ ಒಬ್ಬ ಬಿಳಿ ದೊರೆ ತನ್ನ ದೇಶಕ್ಕೆ ಹೊರಟಿದ್ದ. ಅವನ ಹತ್ತಿರ ಒಂದು ವಿಚಿತ್ರ ಸೈಕಲ್ ಇತ್ತು. ಹಿಂದಿನ ಗಾಲಿಯ ಮಗ್ಗುಲಿಗೆ ತೆಂಗಿನಕಾಯಿಯಷ್ಟು ದಪ್ಪದ ಎಂಜಿನ್ನು. ತುಳಿದು ತುಸು ದೂರ ಓಡಿಸಿದರೆ ಅದು ಕೆಮ್ಮುತ್ತ ಎದ್ದು ಮುಂದೆ ತಾನೇ ಎಳೆದುಕೊಂಡು ಹೋಗುತ್ತಿತ್ತು. ದೊರೆಗೆ ನಮ್ಮ ಸಂಗೀತದ ಹುಚ್ಚು, ನನಗೆ ಧಾರವಾಡದ ಹುಚ್ಚು. ನನ್ನ ಹಾರ್ಮೋನಿಯಂ ಪೆಟ್ಟಿಗೆ ಅವನಿಗೆ ಕೊಟ್ಟು ಸೈಕಲ್ ತಂದೆ. ಹಾರ್ಮೋನಿಯಂ ಹೋಯಿತೆಂದು ಓಣಿಯವರು ಖುಷಿಪಟ್ಟರು. ಅಂಗಳದಲ್ಲಿ ಫಟಫಟ ಎಂದು ಎಂಜಿನ್ನು ಶುರುಮಾಡಿದ ಮೇಲೆ ಅವರೇ ಬಂದು "ಆ ಪೆಟ್ಟಿಗಿ ತಿರುಗಿ ತರಾಕ ಬರೂದಿಲ್ಲೇನ್ರಿ?" ಎಂದು ಕೇಳಿದರು.

ಮೊದಲ ರವಿವಾರವೇ ಉಣಕಲ್ ಕೆರೆಯ ಹತ್ತಿರ ಪೊಲೀಸು ಕೈ ಅಡ್ಡ ಮಾಡಿದ. ಫಕೀರಪ್ಪ ಹವಾಲ್ದಾರ. ದೊಡ್ಡ ಮೈ, ದೊಡ್ಡ ಮೀಸೆ, ಕಾಲಿಗೆ ಸುತ್ತಿದ ಪಟ್ಟಿ.

"ಏನ್ರಿ ಇದು?"

"ಸೈಕಲ್ ರೀ."

"ಸೈಕಲ್ ಒದರತೈತೇನ್ರಿ?"

"ಸಣ್ಣದೊಂದು ಎಂಜಿನ್ ಐತ್ರಿ."

"ಹಂಗಾರ ಮೋಟಾರ್ ಆತು. ಲೈಸನ್ ತಗೀರಿ. ಇಲ್ಲಾ ಸೈಕಲ್ ಅಂತೀರಿ, ಬಾಯಿ ಬಂದ್ ಮಾಡಿ ತುಳೀರಿ."

ಬಾಯಿ ಬಂದ್ ಮಾಡಬೇಕಾದದ್ದು ನಾನೋ ಎಂಜಿನ್ನೋ ತಿಳಿಯದೆ ಎರಡನ್ನೂ ಬಂದ್ ಮಾಡಿ ತುಳಿದೆ. ಎಂಜಿನ್ನು ಹೊತ್ತ ಸೈಕಲನ್ನು ತುಳಿಯುವುದೆಂದರೆ ಬೀಸುವ ಕಲ್ಲನ್ನು ಕಟ್ಟಿಕೊಂಡು ಓಡಿದ ಹಾಗೆ. ಧಾರವಾಡ ಮುಟ್ಟಿದಾಗ ಭೇಟಿಯ ಹೊತ್ತು ಚೂರೇ ಉಳಿದಿತ್ತು. ಮುಂದಿನ ವಾರ ಉಪಾಯ ಮಾಡಿದೆ. ಹವಾಲ್ದಾರನ ಎದುರು ಸಂಭಾವಿತನಂತೆ ತುಳಿದುಕೊಂಡು ಹೋಗಿ, ತಿರುವಿನ ಆಚೆ ಎಂಜಿನ್ನು ಶುರುಮಾಡಿದೆ. ಅದರ ಮುಂದಿನ ವಾರ ಹವಾಲ್ದಾರ ತಿರುವಿನ ಆಚೆಯೇ ನಿಂತಿದ್ದ. "ಇನ್ ಸಾಕ್ರಿ. ನಡೀರಿ, ಧಾರವಾಡದಾಗ ಫೌಜದಾರ ಸಾಹೇಬ್ರ ಮುಂದ ಏನ್ ಹೇಳ್ತೀರಿ ಹೇಳ್ರಿ" ಎಂದವನೇ ಹಿಂದಿನ ಕ್ಯಾರಿಯರಿನ ಮೇಲೆ ಕುಳಿತೇಬಿಟ್ಟ.

ಎಂಜಿನ್ನಿಗೆ ನನ್ನೊಬ್ಬನನ್ನು ಎಳೆಯುವುದೇ ಭಾರ. ನವಲೂರಿನ ಏರಿನಲ್ಲಿ ಅದು ನರಳಿ ನಿಲ್ಲುವ ಹಾಗಾಯಿತು. ಹವಾಲ್ದಾರ ಇಳಿದು ಹಿಂದಿನಿಂದ ನೂಕತೊಡಗಿದ. ಕೈದಿ ಆರಾಮಾಗಿ ಮೇಲೆ ಕುಳಿತಿದ್ದಾನೆ, ಪೊಲೀಸು ಏದುಸಿರು ಬಿಡುತ್ತ ನೂಕುತ್ತಿದ್ದಾನೆ. ಹೊಲದ ಹೆಣ್ಣುಮಕ್ಕಳು ಕುಡುಗೋಲು ಹಿಡಿದುಕೊಂಡೇ ಎದ್ದು ನಿಂತು ನೋಡಿದರು. ಏರು ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ಅವನು ಕೇಳಿದ, "ಅಲ್ರಿ, ವಾರಾ ವಾರಾ ಇಷ್ಟ ತ್ರಾಸ ತಗೊಂಡು ಎಲ್ಲಿಗೆ ಹೋಗತೀರಿ?"

ಕೋರ್ಟಿನ ಕೆಲಸ ಎನ್ನಬೇಕೆಂದಿದ್ದೆ. ಬಾಯಿಯಿಂದ ನಿಜವೇ ಬಂತು. "ಹೇಣತೀನ್ನ ನೋಡಾಕ್ರಿ. ಕಲಿಯಾಕ ಬಂದಾಳ. ನಾಕರಿಂದ ಐದು, ಅಷ್ಟ ಬಿಡತಾರ."

ಅವನು ನಗಲಿಲ್ಲ. "ನಮ್ಮಾಕೀನೂ ಊರಾಗ ಅದಾಳ್ರಿ, ಬದಾಮಿ ಕಡೆ. ಈ ಠಾಣೇಕ್ಕ ಬಂದಾಗಿಂದ ಮುಖ ನೋಡಿಲ್ಲ. ಸೂಟಿ ಕೇಳಿದ್ರ ಹಬ್ಬ ಮುಗೀಲಿ ಅಂತಾರ, ಹಬ್ಬ ಮುಗದ್ರ ಉರುಸು ಮುಗೀಲಿ ಅಂತಾರ" ಎಂದ. ಮತ್ತೆ ಕ್ಯಾರಿಯರ್ ಹತ್ತಿ ಕುಳಿತು ನನ್ನ ಬೆನ್ನಿಗೆ ತಟ್ಟಿದ. "ಲಗೂ ಹೊಡೀರಿ ಮತ್ತ! ಮೊದಲ ಅಲ್ಲಿಗೆ ಹೋಗೂಣು, ಫೌಜದಾರ್ರು ಆಮ್ಯಾಲ."

ಆದರೆ ಫೌಜದಾರರು ದಾರಿಯ ಮಗ್ಗುಲಿನ ಪೊಲೀಸ್ ಚೌಕಿಯ ಮೆಟ್ಟಿಲ ಮೇಲೆಯೇ ನಿಂತಿದ್ದರು. ತಮ್ಮ ಹವಾಲ್ದಾರ ಸೈಕಲ್ಲಿನ ಹಿಂದೆ ಕುಳಿತು ಮೆರವಣಿಗೆ ಬರುತ್ತಿರುವುದನ್ನು ನೋಡಿ ಕೈ ಎತ್ತಿದರು. ನಾನು ಗಾಡಿ ನಿಲ್ಲಿಸಿದೆ. ಅವರು ಬೈಯಲಿಲ್ಲ. ಗಾಡಿಯ ಸುತ್ತ ತಿರುಗಿದರು, ಎಂಜಿನ್ನು ಮುಟ್ಟಿ ಕೈ ಸುಟ್ಟುಕೊಂಡರು, ಆಮೇಲೆ "ಇದು ಸೈಕಲ್ಲೋ ಮೋಟಾರೋ ಹತ್ತಿ ನೋಡಿದ ಹೊರತು ಹ್ಯಾಂಗ ಹೇಳ್ಲಿಕ್ಕೆ ಬರ್ತದ?" ಎಂದು ಹತ್ತಿಯೇ ಬಿಟ್ಟರು. ಶುರುಮಾಡುವುದನ್ನು ತೋರಿಸಿದೆ. ನಿಲ್ಲಿಸುವುದನ್ನು ತೋರಿಸುವುದರೊಳಗೆ ಅವರು ಚೌಕಿಯ ಮುಂದಿನ ಬಯಲಿನಲ್ಲಿ ಹೊರಟುಹೋಗಿದ್ದರು. ಒಂದು ಸುತ್ತು ಬಂದಾಗ ಮುಖದಲ್ಲಿ ಆನಂದವಿತ್ತು. ಮುಂದಿನ ಸುತ್ತಿಗೆ ಆನಂದ ಹೋಗಿ ವಿಚಾರ ಬಂದಿತ್ತು. "ಹ್ಯಾಂಗ ನಿಲ್ಲಸೂದೋ ಇದನ್ನ?" ಎಂದು ಒದರುತ್ತ ದಾಟಿದರು. ನಾನು "ಆ ಹಿಡಿ ಎಳೀರಿ" ಎಂದು ಹಿಂದೆ ಓಡಿದೆ. ಎಂಜಿನ್ನಿನ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಸಾಹೇಬರು ಎದುರಿಗೆ ಬಂದಾಗಲೆಲ್ಲ ಶಿಪಾಯಿಗಳು ಸಲಾಮು ಹೊಡೆಯುತ್ತಿದ್ದರು, ಸಾಹೇಬರು ಕೈ ಬಿಡಲಾರದೆ ಗೋಣು ಹಾಕುತ್ತಿದ್ದರು. ಕೊನೆಗೆ ಪೆಟ್ರೋಲು ತೀರಿತು. ಅಷ್ಟರಲ್ಲಿ ನನ್ನ ಹೊತ್ತೂ ತೀರಿತ್ತು.

"ಮೋಟಾರೇ ಇದು. ಸಂಶೇನೇ ಇಲ್ಲ" ಎಂದು ಫೌಜದಾರರು ಧೋತರ ಸರಿಮಾಡಿಕೊಳ್ಳುವವರಂತೆ ಪ್ಯಾಂಟು ಸರಿಮಾಡಿಕೊಂಡರು. "ಈ ವಾರದಾಗ ಅರ್ಜಿ ಕೊಡ್ರಿ, ನಂಬರ ಹಾಕಿಸ್ರಿ. ನಾನೇ ಲೈಸನ್ ಕೊಡಸ್ತೇನಿ."

ಗಾಡಿ ಅಲ್ಲೇ ಬಿಟ್ಟು ವಸತಿಗೃಹಕ್ಕೆ ಓಡಿದೆ. ಗೇಟು ಹಾಕಿತ್ತು. ಬೇಡಿಕೊಂಡರೆ ದೊಡ್ಡಬಾಯಿ ಒಳಗಿನಿಂದಲೇ "ಮುಂದಿನ ವಾರ" ಎಂದರು. ತಲೆಯೆತ್ತಿದರೆ ಮಾಳಿಗೆಯ ಕಿಟಕಿಯಲ್ಲಿ ಗಿರಿಜಾ ನಿಂತಿದ್ದಳು. ಮುಡಿದ ಅಬ್ಬಲಿಗೆ ಆಗಲೇ ಬಾಡಿತ್ತು. ಕೂಗಿ ಮಾತಾಡುವಂತಿರಲಿಲ್ಲ. ಅವಳು ಏನಾಯಿತು ಎಂದು ಕೈ ತಿರುಗಿಸಿ ಕೇಳಿದಳು. ಪೊಲೀಸು, ಫೌಜದಾರ, ಎಂಜಿನ್ನು ಇವನ್ನೆಲ್ಲ ಕೈಸನ್ನೆಯಲ್ಲಿ ಹೇಗೆ ಹೇಳುವುದು? ಮೀಸೆ ತಿರುವಿದೆ, ಹ್ಯಾಂಡಲ್ ಹಿಡಿದಂತೆ ಮಾಡಿದೆ, ಸುತ್ತು ತಿರುಗಿದೆ. ಅವಳು ಮೊದಲು ಗಾಬರಿಯಾದಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅದು ನಗುವಿನ ನೀರೇ ಹೌದೋ ಅಲ್ಲವೋ ಅಷ್ಟು ದೂರದಿಂದ ನನಗೆ ತಿಳಿಯಲಿಲ್ಲ. ದೀಪ ಹಚ್ಚುವ ಹೊತ್ತಿನವರೆಗೆ ನಾನು ಕೆಳಗೆ, ಅವಳು ಮೇಲೆ, ಹಾಗೇ ನಿಂತಿದ್ದೆವು.

ಫೌಜದಾರರು ಮಾತಿಗೆ ತಪ್ಪಲಿಲ್ಲ. ಮುಂದಿನ ರವಿವಾರ ನಂಬರಿನ ತಗಡು ಕಟ್ಟಿಕೊಂಡು, ಉಣಕಲ್ಲಿನಲ್ಲಿ ಫಕೀರಪ್ಪನ ಸಲಾಮು ತೆಗೆದುಕೊಂಡು, ಧಾರವಾಡಕ್ಕೆ ಹೊತ್ತಿಗಿಂತ ಮೊದಲೇ ಮುಟ್ಟಿದೆ. ಜೀವಮಾನದಲ್ಲಿ ಮೊದಲ ಸಲ ನಿದ್ದೆಯಿಲ್ಲದ, ಏದುಸಿರಿಲ್ಲದ ಇಡೀ ಒಂದು ತಾಸು ನನ್ನದಾಗಿತ್ತು. ಕುಳಿತವನೇ ಶುರುಮಾಡಿದೆ. ಹವಾಲ್ದಾರ ತಡೆದದ್ದು, ತಿರುವಿನ ಉಪಾಯ, ಏರಿನಲ್ಲಿ ನೂಕಿದ್ದು, ಫೌಜದಾರರ ಸುತ್ತುಗಳು. ಗಿರಿಜಾ ನಕ್ಕಳು. ದೊಡ್ಡಬಾಯಿಯವರ ಹೆಣಿಗೆಯೂ ನಿಂತಿತು. ನನಗೆ ಹುರುಪು ಹೆಚ್ಚಿ ಎಂಜಿನ್ನಿನ ಸದ್ದನ್ನೂ ಮಾಡಿ ತೋರಿಸಿದೆ. ಗಂಟೆ ಬಾರಿಸಿತು.

ಒಳಗೆ ಹೋಗುವಾಗ ಗಿರಿಜಾ ಬಾಗಿಲಲ್ಲಿ ತಿರುಗಿ ನಿಂತಳು. "ನಿಮಗೊಂದು ಮಾತು ಹೇಳಬೇಕಂತ ಭಾಳ ದಿವಸದಿಂದ ಕಾಯಾಕತ್ತಿದ್ದೆ."

"ಏನದು? ಹೇಳು ಲಗೂ!"

ದೊಡ್ಡಬಾಯಿ ಕೆಮ್ಮಿದರು. ಬಾಗಿಲು ಮುಚ್ಚಿತು.

ತಿರುಗಿ ಬರುವಾಗ ಫಕೀರಪ್ಪ ಉಣಕಲ್ಲಿನಲ್ಲಿ ಕಾಯುತ್ತಿದ್ದ. "ಭೆಟ್ಟಿ ಆತೇನ್ರಿ? ಏನೇನು ಮಾತಾಡಿದ್ರಿ?" ಎಂದು ಆಸೆಯಿಂದ ಕೇಳಿದ.

"ನಿಮ್ಮ ಸುದ್ದೀನ" ಎಂದೆ.

ಅವನು ಹಣೆ ಬಡಿದುಕೊಂಡ. "ಅಯ್ಯ ಶಿವನ! ನನ್ನ ಸುದ್ದಿ ಮಾತಾಡಾಕ ಅಷ್ಟ ದೂರ ಹೋಗಿದ್ರೇನ್ರಿ?"

ಮುಂದಿನ ವಾರ ಅದೇನು ಮಾತು ಎಂದು ಕೇಳಿದರೆ ಗಿರಿಜಾ "ಏನಿತ್ತೋ, ಮರತೇನಿ" ಎಂದಳು. ಈಗ ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ ಆ ಗಾಡಿ ಅಟ್ಟ ಸೇರಿದೆ. ಗಿರಿಜಾ ಇಲ್ಲೇ ಹುಬ್ಬಳ್ಳಿಯ ಸಾಲೆಯಲ್ಲಿ ಕಲಿಸುತ್ತಾಳೆ. ಸಂಜೆ ಬಂದವಳು ನಾಲ್ಕರಿಂದ ಐದು ಎಂಬ ಕಟ್ಟಿಲ್ಲದೆ ಸಾಲೆಯ, ಓಣಿಯ, ತವರಿನ ಎಲ್ಲ ಮಾತನ್ನೂ ಹೇಳುತ್ತಾಳೆ. ಅಷ್ಟೆಲ್ಲ ಮಾತಿನ ನಡುವೆ ನಾನು ಆ ಒಂದು ಮಾತಿಗಾಗಿ ಕಿವಿಗೊಟ್ಟು ಕುಳಿತಿರುತ್ತೇನೆ. ನಿನ್ನೆಯೂ ಕೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೊಮ್ಮೆ ನೋಡಿ, ಆ ಕಿಟಕಿಯಲ್ಲಿ ನಕ್ಕ ಹಾಗೆಯೇ ನಕ್ಕಳು. "ಹೇಳತೇನಿ. ಮೊದಲ ನೀವು ಬಾಯಿ ಬಂದ್ ಮಾಡ್ರಿ" ಎಂದಳು. ನಾನು ಸುಮ್ಮನೆ ಕುಳಿತೆ. ಒಂದು ರೊಟ್ಟಿ ಬೇಯುವಷ್ಟು ಹೊತ್ತು ಸುಮ್ಮನಿದ್ದೆ. ಆಮೇಲೆ ತಡೆಯಲಾರದೆ, "ಆವತ್ತು ಆ ಫೌಜದಾರ್ರು..." ಎಂದು ಶುರುಮಾಡಿಬಿಟ್ಟೆ.