ಪೆಟ್ರೋಲ್ ದರ ಮತ್ತು ನನ್ನ ಹಿಂದಿನ ಸೀಟು

ನನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಾನು ಇಷ್ಟು ವರ್ಷ ಮಾತನಾಡಿಕೊಂಡು ಬಂದವನು. ಮನೆಯಲ್ಲಿ ಹೆಂಡತಿ ಕೇಳುವುದಿಲ್ಲ, ತರಗತಿಯಲ್ಲಿ ಹುಡುಗರು ಕೇಳುವುದಿಲ್ಲ, ಸಭೆಯಲ್ಲಿ ಮುಖ್ಯ ಗುರುಗಳು ಕೇಳಿದಂತೆ ಮಾಡಿ ಮೊಬೈಲು ನೋಡುತ್ತಾರೆ. ಇದರಲ್ಲೊಂದು ಸುಖವಿದೆ. ಯಾರೂ ಪಾಲಿಸದ ಉಪದೇಶದಿಂದ ಯಾರಿಗೂ ಕೆಡುಕಾಗುವುದಿಲ್ಲ. ಬಾಯಿಚಟವೂ ತೀರುತ್ತದೆ, ಜಗತ್ತೂ ತನ್ನ ಪಾಡಿಗೆ ತಾನು ನಡೆಯುತ್ತದೆ. ಆದರೆ ಒಮ್ಮೆ, ಒಬ್ಬರೇ ಒಬ್ಬರು, ನಾನು ಹೇಳಿದ್ದನ್ನು ಕೇಳಿ ಹಾಗೆಯೇ ನಡೆದುಬಿಟ್ಟರು. ಅದರ ಹಳಹಳಿ ನನಗಿನ್ನೂ ಹೋಗಿಲ್ಲ.

ನಾನು ತಿಕೋಟಾದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ, ಇರುವುದು ವಿಜಯಪುರದಲ್ಲಿ. ಅದೇ ಹೈಸ್ಕೂಲಿನ ಚಿತ್ರಕಲೆಯ ದಸ್ತಗೀರ ಮಾಸ್ತರರ ಮನೆ ನಮ್ಮ ಹಿಂದಿನ ಓಣಿಯಲ್ಲಿ. ಬೆಳಿಗ್ಗೆ ಅಥಣಿ ರಸ್ತೆಯ ಬೇವಿನ ಮರದ ಕೆಳಗೆ ಅವರು ನಿಂತಿರುತ್ತಿದ್ದರು, ನಾನು ಗಾಡಿ ನಿಲ್ಲಿಸುತ್ತಿದ್ದೆ. ಮಾಸ್ತರರು ಗಾತ್ರದಲ್ಲಿ ಉದಾರಿಗಳು. ಅವರು ಹತ್ತಿದರೆಂದರೆ ನನ್ನ ಮೋಟರ್ ಸೈಕಲ್ಲು ಒಮ್ಮೆ ಉಸ್ಸೆಂದು ಕೆಳಗೆ ಕೂತು, ಆಮೇಲೆ ಮನಸ್ಸು ಮಾಡಿ ಹೊರಡುತ್ತಿತ್ತು. ನಮ್ಮ ಕಡೆ ಹಿಂದೆ ಕೂತವರಿಂದ ಪೆಟ್ರೋಲಿನ ಪಾಲು ಕೇಳುವವನನ್ನು ಮನುಷ್ಯರ ಲೆಕ್ಕದಲ್ಲಿ ಹಿಡಿಯುವುದಿಲ್ಲ. ಕೂತವರೂ ಕೊಡಲು ಹೋಗುವುದಿಲ್ಲ. ಊರು ಮುಟ್ಟಿದ ಮೇಲೆ ಚಹಾ, ಚುರಮರಿ ಸುಸಲಾ, ಮಿರ್ಚಿ ಅವರ ಕಡೆಯಿಂದ. ದಾರಿಯುದ್ದಕ್ಕೂ ಮಾಸ್ತರರು ನನ್ನ ಹೆಲ್ಮೆಟ್ಟಿನ ಮೇಲೆ ಬೆರಳಿನಿಂದ ಟಕಟಕ ಬಡಿದು, “ಸರ್, ಅಲ್ನೋಡ್ರಿ, ಒಣದ್ರಾಕ್ಷಿ ಶೆಡ್ಡಿನ ಮ್ಯಾಲ ಬಿಸಲ ಬಿದ್ದೈತಿ. ಆ ಬಣ್ಣಕ್ಕ ಹೆಸರ ಇಲ್ರಿ” ಎನ್ನುತ್ತಿದ್ದರು. ನನ್ನ ಕಣ್ಣೆಲ್ಲ ರಸ್ತೆಯ ತಗ್ಗುಗಳ ಮೇಲೆ. ಆದರೂ “ಹೌದ್ರಿ ಮಾಸ್ತರ, ಭಾರಿ ಐತಿ” ಎನ್ನುತ್ತಿದ್ದೆ. ನೋಡದೆಯೇ ನಾನು ಎಷ್ಟೋ ಬಣ್ಣಗಳನ್ನು ಮೆಚ್ಚಿದ್ದೇನೆ.

ಹೀಗಿರುವಾಗ ಪೆಟ್ರೋಲ್ ದರ ಮತ್ತೊಮ್ಮೆ ಏರಿತು. ಅಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಸರ್ಕಾರವನ್ನೂ ಅರಬರನ್ನೂ ಬೈಯುತ್ತ ಕೂತಿದ್ದರು. ನಾನು ಆಗಷ್ಟೇ ಬೇಡಿಕೆ ಮತ್ತು ಪೂರೈಕೆಯ ಪಾಠ ಮುಗಿಸಿ ಬಂದಿದ್ದೆ. ಹುಡುಗರು ಕೇಳದೆ ಉಳಿಸಿದ ಪಾಠವೆಲ್ಲ ಹೊಟ್ಟೆಯಲ್ಲಿ ಹಾಗೆಯೇ ಇತ್ತು. “ತಪ್ಪು ನಮ್ಮದ ಐತ್ರಿ. ಎಲ್ಲಾರೂ ಸ್ವಲ್ಪ ಸ್ವಲ್ಪ ಎಣ್ಣಿ ಬಳಸೂದು ಕಡಿಮಿ ಮಾಡಿದ್ರ ದರ ತಾನ ಇಳೀತೈತಿ” ಎಂದು ಶುರು ಮಾಡಿದೆ. ಪಿ.ಟಿ. ಮಾಸ್ತರರು, “ನಾ ಗಾಡಿ ಮೂಲ್ಯಾಗ ಹಚ್ಚಿದ್ರ ಅರಬ ದೇಶದಾಗ ಯಾರರೆ ಊಟ ಬಿಡ್ತಾರೇನ್ರಿ?” ಎಂದರು. ಅಷ್ಟು ಸಾಕಾಯಿತು, ನಾನು ಏರಿಬಿಟ್ಟೆ. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಬೇಕು, ಸಂತೆಗೆ ನಡೆದು ಹೋಗಬೇಕು, ಗಾಡಿಯ ಮೇಲೆ ಬೇಡದ ಭಾರ ಹೇರಬಾರದು ಎಂದು ಒಂದೊಂದೇ ಹೇಳುತ್ತ ಹೋಗಿ, ಕೊನೆಗೆ, “ಹಿಂದ ಒಬ್ರು ಕುಂತ್ರ ಸೈತ ಗಾಡಿ ಜಾಸ್ತಿ ಎಣ್ಣಿ ಕುಡೀತೈತಿ, ಅದು ವಿಜ್ಞಾನ” ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ವಾಕ್ಚಾತುರ್ಯಕ್ಕೆ ನಕ್ಕರೆಂದು ನಾನೂ ನಕ್ಕೆ. ದಸ್ತಗೀರ ಮಾಸ್ತರರು ಕಿಟಕಿಯ ಬಳಿ ಕುಂಚ ತೊಳೆಯುತ್ತಿದ್ದರು. ಅವರೂ ನಕ್ಕರೆಂದೇ ನೆನಪು.

ಮರುದಿನ ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ಫೋನ್ ಮಾಡಿದರೆ, “ಸರ್, ನಾ ಬಸ್ಸಿನಾಗ ಹೊಂಟೇನ್ರಿ. ನಿನ್ನಿ ನೀವು ಹೇಳಿದ್ದು ಖರೇ ಅನ್ನಿಸ್ತ್ರಿ” ಎಂದರು. ನನಗಾದ ಹಿಗ್ಗು ಹೇಳತೀರದು. ಸಂಜೆ ಹೆಂಡತಿಯ ಮುಂದೆ, ಇಷ್ಟು ವರ್ಷಕ್ಕೆ ಒಬ್ಬ ಶಿಷ್ಯ ಸಿಕ್ಕ ಎಂದು ಬೀಗಿದೆ. ಅವಳು ರೊಟ್ಟಿ ಬಡಿಯುತ್ತಲೇ, “ಅಲ್ರಿ, ಶಿಷ್ಯಾ ಬಸ್ಸಿಗೆ ಹೋದ್ರ ಗುರುಗಳು ಯಾಕ ಗಾಡಿ ಮ್ಯಾಲ ಹೋಗ್ಯಾರ?” ಎಂದಳು. ಪ್ರಾರ್ಥನೆಯ ಹೊತ್ತಿಗೆ ಒಬ್ಬರಾದರೂ ಶಾಲೆ ಮುಟ್ಟಬೇಕಲ್ಲ ಎಂದೆ. ಅವಳು ರೊಟ್ಟಿಯನ್ನು ಸ್ವಲ್ಪ ಜೋರಾಗಿ ಬಡಿದಳು.

ದರ ಇಳಿಯಲಿಲ್ಲ. ಇಳಿಯುವುದಿರಲಿ, ಅದಕ್ಕೆ ನಮ್ಮ ಮಾಸ್ತರರು ಬಸ್ಸು ಹಿಡಿದದ್ದು ಗೊತ್ತೇ ಆಗಲಿಲ್ಲ. ಗೊತ್ತಾದದ್ದು ನನಗೆ. ಬೆನ್ನಿಗೆ ಗಾಳಿ ಬಡಿಯತೊಡಗಿತು. ತಿಕೋಟಾದಲ್ಲಿ ಒಬ್ಬನೇ ನಿಂತು ಚಹಾ ಕುಡಿದರೆ ಅದು ಔಷಧಿಯಂತೆ ಇಳಿಯುತ್ತಿತ್ತು. ಒಣದ್ರಾಕ್ಷಿಯ ಶೆಡ್ಡುಗಳು ಬಂದಾಗ ನಾನೇ ಕತ್ತು ಹೊರಳಿಸಿ ನೋಡಿದೆ. ಬಣ್ಣ ಕಾಣಲಿಲ್ಲ, ತಗ್ಗಿಗೆ ಬಿದ್ದೆ. ಮಾಸ್ತರರೋ, ತಿಕೋಟಾ ಮೇಲೆ ಹೋಗುವ ಹೊನವಾಡದ ಬಸ್ಸಿನವರ ಜೊತೆ ಹೊಂದಿಕೊಂಡು, ನನಗೆ ಪರಿಚಯವಿಲ್ಲದ ಕಂಡಕ್ಟರನ ಸುದ್ದಿ ಹೇಳಿ ಸ್ಟಾಫ್ ರೂಮನ್ನು ನಗಿಸುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಖರೇ ಸಂಗತಿ ತಂದವಳು ಹೆಂಡತಿ. ಬಜಾರಿನಲ್ಲಿ ಅವಳಿಗೆ ಮಾಸ್ತರರ ಮನೆಯ ಶಾಹೀನ ಭಾಭಿ ಸಿಕ್ಕಿದ್ದರಂತೆ. “ಸರ್ರಿಗೆ ಎಷ್ಟು ದಿನದಿಂದ ತ್ರಾಸ ಆಗಿತ್ತೋ ಏನೋ. ಬಾಯಿ ಬಿಟ್ಟು ಹೆಂಗ ಹೇಳ್ತಾರ್ರಿ ಪಾಪ, ಅದಕ್ಕ ಪೆಟ್ರೋಲ್ ಕತಿ ಹೇಳ್ಯಾರ. ಇವರು ಅವತ್ತ ರಾತ್ರಿ ಉಣ್ಣಲಿಲ್ರಿ” ಎಂದರಂತೆ. ನಮ್ಮ ಸೀಮೆಯಲ್ಲಿ ಬೇಡವಾದವರಿಗೆ ಬೇಡವೆಂದು ಯಾರು ಹೇಳುತ್ತಾರೆ? ಬಂದ ಬೀಗರು ಬಹಳ ದಿನ ಉಳಿದರೆ ನಮ್ಮಪ್ಪ ಅವರಿಗೆ ಒಂದು ಮಾತೂ ಅನ್ನುತ್ತಿರಲಿಲ್ಲ. ಪಡಸಾಲೆಯಲ್ಲಿ ನಿಂತು, ಬೀಗರ ಊರಿನ ಹೆಸರು ಹಿಡಿದು, “ಲೇ ತಮ್ಮಾ, ಘೋಣಸಗಿ ಬಸ್ಸು ಎಷ್ಟಕ್ಕ ಐತಿ ಕೇಳಿ ಬಾ” ಎಂದು ನನ್ನನ್ನು ಕೂಗುತ್ತಿದ್ದರು. ಬೀಗರು ತಾವೇ ಚೀಲ ಕಟ್ಟುತ್ತಿದ್ದರು. ಅಂಥ ಊರಲ್ಲಿ ಬೆಳೆದ ಮನುಷ್ಯ ನನ್ನ ಅರ್ಥಶಾಸ್ತ್ರವನ್ನು ಅರ್ಥಶಾಸ್ತ್ರವೆಂದು ಹೇಗೆ ನಂಬಬೇಕು?

ನಿಮಗೆಂದು ಅಂದದ್ದಲ್ಲ ಎಂದು ನೇರವಾಗಿ ಹೇಳೋಣವೆಂದರೆ, “ಛೇ, ಹಂಗ ಯಾರ ತಿಳ್ಕೊಂಡಾರ್ರಿ” ಎಂದು ಅವರು ಅಲ್ಲಿಗೇ ಬಾಗಿಲು ಹಾಕಿಬಿಡುತ್ತಾರೆ. ಅದಕ್ಕೆ ನಾನೂ ಸುತ್ತಿಬಳಸಿಯೇ ಹೋದೆ. ಅದೇ ಸ್ಟಾಫ್ ರೂಮಿನಲ್ಲಿ ನನ್ನ ಸಿದ್ಧಾಂತವನ್ನು ನಾನೇ ಕೆಡವಿದೆ. ದರ ನಿಂತಿರುವುದು ಕಚ್ಚಾ ತೈಲದ ಮೇಲೆ, ತೆರಿಗೆಯ ಮೇಲೆ. ನಾವು ಬಿಟ್ಟ ಎಣ್ಣೆಯನ್ನು ಇನ್ನಾವ ದೇಶದವನೋ ಸುಡುತ್ತಾನೆ. ನಾಲ್ಕು ಮಂದಿ ಬಸ್ಸು ಹತ್ತಿದರೆ ಏನೂ ಆಗುವುದಿಲ್ಲ ಎಂದೆಲ್ಲ ಹೇಳಿದೆ. ದಸ್ತಗೀರ ಮಾಸ್ತರರು ಶಾಂತವಾಗಿ, “ಹಂಗನಬ್ಯಾಡ್ರಿ ಸರ್. ಎಲ್ಲಾರೂ ಬಿಡೂತನಕ ಯಾರರೆ ಒಬ್ಬರು ಬಿಡಬೇಕಲ್ರಿ. ನೀವ ಹೇಳಿದ್ದು” ಎಂದರು. ನನ್ನ ಸಿದ್ಧಾಂತಕ್ಕೆ ಅಷ್ಟು ಗಟ್ಟಿಯಾಗಿ ನಾನೂ ಎಂದೂ ನಿಂತಿರಲಿಲ್ಲ.

ಆಮೇಲೆ ಬಬಲೇಶ್ವರದಲ್ಲಿ ನಮಗಿಬ್ಬರಿಗೂ ತರಬೇತಿ ಬಂತು. ಇದೇ ಸಂದರ್ಭವೆಂದು ಬೆಳಿಗ್ಗೆ ನನ್ನದೊಂದು, ಅವರಿಗೆಂದು ಕೊಂಡ ಹೊಸದೊಂದು, ಎರಡು ಹೆಲ್ಮೆಟ್ ಹಿಡಿದು ಅವರ ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಭಾಭಿ ಚಹಾ ಕೊಟ್ಟರು. ಮಾಸ್ತರರು ಹೊಸ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ನನ್ನ ಮುಖ ನೋಡದೆ, “ಗಾಡಿಗೆ ಭಾರ ಆಗ್ತೈತ್ರಿ ಸರ್” ಎಂದರು.

ಬಾಗಿಲು ತೆರೆದದ್ದು ಅದೊಂದೇ ಸಲ. ನಾನು ಹೇಳಬೇಕಾಗಿದ್ದದ್ದು ಇಷ್ಟೇ: ಮಾಸ್ತರ, ನೀವಿಲ್ಲದೆ ದಾರಿ ಸಾಗವಲ್ದು, ಬರ್ರಿ. ಆದರೆ ನನ್ನೊಳಗಿನ ಮೇಷ್ಟ್ರು ಮೊದಲು ಎದ್ದು ನಿಂತ. “ಒಬ್ರು ಹೆಚ್ಚಾದ್ರ ಅಂಥಾ ಫರಕೇನೂ ಬೀಳಂಗಿಲ್ರಿ” ಎಂದುಬಿಟ್ಟೆ.

ಮಾಸ್ತರರು ನಕ್ಕು, “ಸ್ವಲ್ಪರೆ ಬೀಳ್ತೈತಲ್ರಿ” ಎಂದು ಹೆಲ್ಮೆಟ್ಟನ್ನು ಮೆಲ್ಲಗೆ ಹಿಂದಿನ ಸೀಟಿನ ಮೇಲಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಬಬಲೇಶ್ವರದವರೆಗೂ ನಾನು ಆ ಬಸ್ಸನ್ನು ದಾಟದೆ ಅದರ ಹಿಂದೆಯೇ ಹೋದೆ. ಹಿಂದಿನ ಕಿಟಕಿಯಿಂದ ಅವರು ಒಂದೆರಡು ಸಲ ಹೊಲಗಳ ಕಡೆ ಬೆರಳು ಮಾಡಿ ಪಕ್ಕದವರಿಗೆ ಏನನ್ನೋ ತೋರಿಸಿದರು.

ಬೇಡಿಕೆ ಇಳಿದರೆ ಬೆಲೆ ಇಳಿಯುತ್ತದೆ ಎಂದು ನಾನು ಈಗಲೂ ಪಾಠ ಹೇಳುತ್ತೇನೆ, ಹಾಗೆ ಬರೆದವರಿಗೆ ಪೂರ್ತಿ ಅಂಕ ಕೊಡುತ್ತೇನೆ. ಆ ಹೆಲ್ಮೆಟ್ಟು ಇನ್ನೂ ಹಿಂದಿನ ಸೀಟಿಗೆ ಕಟ್ಟಿಕೊಂಡೇ ಇದೆ. ಮೊನ್ನೆ ಲಕ್ಷ್ಯಕ್ಕೆ ಬಂತು, ಗಾಡಿ ಈಗ ಮೊದಲಿಗಿಂತ ಚಲೋ ಮೈಲೇಜು ಕೊಡುತ್ತಿದೆ. ಅಷ್ಟರ ಮಟ್ಟಿಗೆ ಅಂದು ನಾನು ಹೇಳಿದ್ದು ಸರಿಯೇ ಇತ್ತು.