ಕಿವಿ ಕೇಳುವ ಮಾಮಾ

ವಯಸ್ಸಾದಂತೆ ಎಲ್ಲರಿಗೂ ಕಿವಿ ಕೇಳುವುದು ಕಡಿಮೆಯಾಗುತ್ತದೆ. ನಮ್ಮ ಮಾಮಾನದು ಉಲ್ಟಾ. ವಯಸ್ಸಾದಂತೆ ಅವನು ಕಂಡಕಂಡವರ ಹತ್ತಿರ ಕಿವಿ ಕೇಳುವುದು ಜಾಸ್ತಿಯಾಗಿದೆ! ಕಿವಿ ಅಷ್ಟೇ ಅಲ್ಲ. ಮೂಗು, ಹುಬ್ಬು, ಹೆಬ್ಬೆರಳು, ಏನು ಕೊಟ್ಟರೂ ಒಲ್ಲೆ ಎನ್ನುವುದಿಲ್ಲ.

ಗಾಬರಿಯಾಗಬೇಡಿ. ಮಾಮಾ ಎಂದರೆ ನಮ್ಮವ್ವನ ತಮ್ಮ. ಆಳಂದದಲ್ಲಿ ಅವನದೊಂದು ಫೋಟೋ ಸ್ಟುಡಿಯೋ ಇದೆ. ಗೆದ್ದಲು ತಿಂದ, ನೀರು ಕುಡಿದ ಹಳೆಯ ಫೋಟೋಗಳನ್ನು ಸರಿ ಮಾಡಿಸಲು ಜನ ಅಲ್ಲಿಗೆ ಬರುತ್ತಾರೆ. ಬೇರೆ ಸ್ಟುಡಿಯೋದವರಾದರೆ ಹೋದ ಕಿವಿಯ ಜಾಗಕ್ಕೆ ಕಂಪ್ಯೂಟರಿನಲ್ಲಿ ಸಿಕ್ಕ ಯಾವುದೋ ಕಿವಿ ಅಂಟಿಸಿ ಕೈ ತೊಳೆದುಕೊಳ್ಳುತ್ತಾರೆ. ಮಾಮಾನಿಗೆ ಅದು ಆಗದು. "ಕಿವಿ ಅಂದ್ರ ಮನಿತನದ್ದೇ ಇರಬೇಕ್ರಿ. ಮಂದಿ ಕಿವಿ ಹಚ್ಚಿದ್ರ ನಿಮ್ಮಜ್ಜ ನಿಮ್ಮ ಮಾತ ಕೇಳ್ತಾನೇನು?" ಎನ್ನುತ್ತಾನೆ. ಆಮೇಲೆ ಕ್ಯಾಮೆರಾ ಹೆಗಲಿಗೇರಿಸಿ, ಆ ಮನೆತನದಲ್ಲಿ ಅಂಥ ಕಿವಿ ಯಾರಿಗೆ ಬಂದಿದೆ ಎಂದು ಹುಡುಕಲು ಹೊರಡುತ್ತಾನೆ.

ನಿಂಬರ್ಗಾದ ಒಂದು ಮದುವೆಯಲ್ಲಿ ಹೀಗೇ ಆಯಿತು. ಪಂಕ್ತಿಯಲ್ಲಿ ಕುಳಿತ ಹಿರಿಯರೊಬ್ಬರು ಇನ್ನೇನು ಹೋಳಿಗೆ ಮುರಿಯಬೇಕು, ಮಾಮಾ ಪಕ್ಕಕ್ಕೆ ಬಂದು ಕೂತ.

"ಯಜಮಾನ್ರ, ನಿಮ್ಮ ಎಡಗಿವಿ ಬೇಕಾಗಿತ್ರಿ."

ಹಿರಿಯರು ಹೋಳಿಗೆ ಕೈಬಿಟ್ಟರು. "ಯಾಕ್ರಿ, ನಾ ಏನ್ ತಪ್ಪ ಮಾಡೇನಿ?"

"ತಪ್ಪ ಏನಿಲ್ರಿ. ನಿಮ್ಮ ಕಾಕಾಗ ಹಚ್ಚೋದದ."

"ಕಾಕಾ ಹೋಗಿ ಭಾಳ ವರ್ಷ ಆತಲ್ರಿ!"

"ಹಂಗಾರ ಗಡಬಡ ಇಲ್ಲ. ಊಟ ಮಾಡ್ರಿ, ಆಮ್ಯಾಲ ಕೊಡ್ರಿ."

ಅಫಜಲಪುರದ ಕತೆ ಇನ್ನೂ ಮಜಾ. ಒಂದು ಮನೆಯವರು ಕೊಟ್ಟ, ತೀರಿಕೊಂಡ ಅಬ್ಬಾನ ಫೋಟೋದಲ್ಲಿ ಮೂಗೇ ಮಾಯ! ಅಬ್ಬಾನ ಮೂಗು ನನಗೆ ಬಂದಿದೆ, ಇಲ್ಲ ನನಗೆ ಬಂದಿದೆ ಎಂದು ಇಬ್ಬರು ಮಕ್ಕಳ ನಡುವೆ ಜಗಳ. ಜಗಳದಲ್ಲಿ ಮೂಗು ತೂರಿಸಲು ಬಂದವರು ಅವರ ಫುಪ್ಪಿ, ಅಂದರೆ ಅಬ್ಬಾನ ತಂಗಿ. ತೂರಿಸಿದ ಆ ಮೂಗು ನೋಡಿದ್ದೇ ತಡ, ಮಾಮಾ "ಸಿಕ್ತು!" ಎಂದು ಚೀರಿದ.

"ತೋಬಾ ತೋಬಾ! ಭಾಯಿಗಿ ನನ್ನ ಮೂಗಾ? ನಾ ಮೂಗುತಿ ಹಾಕೇನ್ರಿ!"

"ಮೂಗುತಿ ನೀವೇ ಇಟ್ಕೋರಿ ಫುಪ್ಪಿ. ನನಗ ಮೂಗಷ್ಟ ಸಾಕು."

ಊರವರಿಗೆಲ್ಲ ಹೀಗೆ ಓಡಾಡುವ ಮನುಷ್ಯ ನನ್ನ ಕೆಲಸ ಮಾತ್ರ ಮಾಡಿಕೊಡಲಿಲ್ಲ. ನಾನು ಗೋಡೆ ಹಿಡಿದು ನಡೆಯುವ ವಯಸ್ಸಿನಲ್ಲೇ ಅವ್ವ ಹೋದಳು. ಹೋಗುವ ಸ್ವಲ್ಪ ಮೊದಲು ತೆಗೆಸಿದ ಒಂದೇ ಒಂದು ಫೋಟೋ ಇದೆ. ಅದಕ್ಕೂ ತೇವ ಹಿಡಿದು ಮೂಗಿನ ಕೆಳಗೆ ಏನೂ ಉಳಿದಿಲ್ಲ, ಒಂದು ಕಿವಿಯೂ ಹೋಗಿದೆ. ಅವ್ವ ನಕ್ಕರೆ ಹೇಗೆ ಕಾಣುತ್ತಿದ್ದಳೋ ನನಗೆ ಗೊತ್ತೇ ಇಲ್ಲ. ಅದೊಂದನ್ನು ನೋಡಬೇಕೆಂದು ಶಾಲೆಗೆ ಹೋಗುವಾಗಿನಿಂದ ಮಾಮಾನ ಬೆನ್ನು ಹತ್ತಿದ್ದೆ. ಅವನು ನನ್ನ ಮುಖ ನೋಡಿ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ: "ಗದ್ದ ಇನ್ನಾ ಬಂದಿಲ್ಲ ಬೇ."

ಬಂದಿಲ್ಲ ಎಂದರೇನು? ಗದ್ದವೇನು ಜೇವರ್ಗಿ ಬಸ್ಸಿಗೆ ಬರುತ್ತದೆಯೇ?

ಹೋದ ವರ್ಷ ಸಿಟ್ಟಿಗೆದ್ದು ಮೊಬೈಲಿನ ಆ್ಯಪಿಗೆ ಫೋಟೋ ಹಾಕಿದೆ. ಚಿಟಿಕೆ ಹೊಡೆಯುವುದರೊಳಗೆ ಅವ್ವನಿಗೆ ತುಟಿ, ಗದ್ದ, ಸಾಲು ಹಲ್ಲು ಎಲ್ಲ ಬಂದವು! ಗೆದ್ದವಳಂತೆ ಮಾಮಾನ ಮುಂದೆ ಹಿಡಿದೆ. ಅವನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

"ಭಾಳ ಚಂದ ಅದಾಳ," ಎಂದ. "ಯಾರಾಕಿ?"

ಆ್ಯಪಿನ ಫೋಟೋವನ್ನು ಅಲ್ಲೇ ಅಳಿಸಿ ಹಾಕಿದೆ.

ಮೊನ್ನೆ ಅವನೇ ಫೋನ್ ಮಾಡಿದ. "ಗದ್ದ ಬಂತು, ಲಗೂನ ಬಾ." ನಾನಿರುವ ಕಡಗಂಚಿಯಿಂದ ಸಿಕ್ಕ ಬಸ್ಸು ಹಿಡಿದು ಓಡಿದೆ. ನೋಡಿದರೆ ಫೋಟೋದಲ್ಲಿ ಗದ್ದವೂ ಇಲ್ಲ, ಬಾಯಿಯೂ ಇಲ್ಲ! ನನ್ನನ್ನೇ ಸ್ಟೂಲಿನ ಮೇಲೆ ಕೂಡಿಸಿ ಲೈಟು ಹಾಕಿದ.

"ಎಲ್ಲದ ಮಾಮಾ ಗದ್ದ?"

"ಮಾರಿ ಮ್ಯಾಲ ಇಟ್ಕೊಂಡು ನನಗ ಕೇಳ್ತಿಯಲ್ಲ!"

"ಇದು ಮೊದಲಿನಿಂದ ನನ್ನ ಕಡೇನೇ ಇತ್ತಲ್ಲ?"

"ಅದು ಸಣ್ಣ ಹುಡುಗಿ ಗದ್ದ ಇತ್ತು. ನಮ್ಮಕ್ಕಗ ಹ್ಯಾಂಗ ಹಚ್ಚಲಿ? ಆಕಿ ಹೋದಾಗಿನ ವಯಸ್ಸ ನಿನಗ ಈಗ ಆಗ್ಯಾದ. ಇನ್ನಾ ತಡಾ ಮಾಡಿದ್ರ ನೀನೇ ಆಕಿಗಿ ಅಕ್ಕ ಆಗ್ತಿ!"

ಇಷ್ಟು ವರ್ಷ ಈ ಮನುಷ್ಯ ನನ್ನ ಮುಖದಲ್ಲಿ ತನ್ನ ಅಕ್ಕ ಬರುವ ದಾರಿ ಕಾಯುತ್ತಿದ್ದನಲ್ಲ!

"ನಗು ಬೇ. ಆಕಿ ಕಣ್ಣ ನಗಾಕತ್ತಾವ, ಬಾಯಿ ಸುಮ್ಮ ಇದ್ರ ಹ್ಯಾಂಗ?"

ನಗು ಎಲ್ಲಿಂದ ಬರಬೇಕು? ನಾನು ಅಳುವುದನ್ನು ನೋಡಿ ಮಾಮಾ ತನ್ನ ಕಿವಿಯನ್ನು ತಾನೇ ಹಿಡಿದುಕೊಂಡ. "ಆಕಿ ಕಿವಿ ನಾ ಕೊಟ್ಟೇನಿ. ಗಂಡಸಿನ ಕಿವಿಗಿ ಝುಮಕಿ ಹಾಕಾಕ ಏನ್ ತ್ರಾಸ ಆತಂತಿ!"

ಅಳುತ್ತಲೇ ನಕ್ಕುಬಿಟ್ಟೆ. ಮಾಮಾ ಕ್ಯಾಮೆರಾ ಎತ್ತಿದ. ನಾನು ಗಡಬಡಿಸಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳಲು ಹೋದೆ.

"ಇರಲಿ ಬಿಡು," ಎಂದ. "ನನಗ ಬಾಯಿ, ಗದ್ದ ಅಷ್ಟ ಸಾಕು. ಕಣ್ಣ ಆಕೀವೇ ಅದಾವ."